ನಿಂತ ಯುಎಸ್‌ಬಿ ವರ್ಗಾವಣೆಯ ರದ್ದತಿ

ಅರ್ಧದಲ್ಲಿ ನಿಂತುಹೋದ ಯುಎಸ್‌ಬಿ ಡೇಟಾ ಸಾಗಣೆಯನ್ನು ಸಾಧನದೊಳಗಿನ ಫರ್ಮ್‌ವೇರ್ ಕೈಬಿಟ್ಟು, ಎಂಡ್‌ಪಾಯಿಂಟನ್ನು (ಸಾಧನದ ಬದಿಯಲ್ಲಿ ಡೇಟಾ ಹೋಗಿಬರುವ ದ್ವಾರ) ಮತ್ತೆ ಬಳಕೆಗೆ ಅಣಿಮಾಡುವ ಕ್ರಮ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ, ವೈಟ್‌ಫೀಲ್ಡಿನಲ್ಲಾಗಲಿ ಫರ್ಮ್‌ವೇರ್ ಬರೆಯುವವರಿಗೆ ಇದು ಪರಿಚಿತ ಕೆಲಸ. ಅದರ ಫಲ ಕಾಣುವುದು ಪೀಣ್ಯದಂಥ ಕೈಗಾರಿಕಾ ಪ್ರದೇಶದ ತಪಾಸಣೆ ಮೇಜಿನ ಮೇಲೆ.

1996ರ ಮೊದಲ ಆವೃತ್ತಿಯಿಂದ ಯುಎಸ್‌ಬಿ 2.0ರವರೆಗೂ ನಿಯಮ ಒಂದೇ: ಹೋಸ್ಟ್ (ಕಂಪ್ಯೂಟರ್) ಕೇಳದೆ ಸಾಧನ ಡೇಟಾ ಕಳಿಸುವಂತಿಲ್ಲ. ಅಳತೆ ಉಪಕರಣವೊಂದು ಅಂಕಿಗಳನ್ನು ಫಿಫೊ ಎಂಬ ಡೇಟಾ ಸರತಿಗೆ ತುಂಬಿಟ್ಟಿದೆ ಎನ್ನೋಣ. ಅಷ್ಟರಲ್ಲಿ ಕಂಪ್ಯೂಟರಿನ ಪ್ರೋಗ್ರಾಂ ಮುಚ್ಚಿಹೋದರೆ ಕೇಳುವವರೇ ಇಲ್ಲ. ಇಂಥ ಬಲ್ಕ್ (ರಾಶಿ ಡೇಟಾ) ವರ್ಗಾವಣೆಗೆ ಮಾನಕವು ಕಾಲಮಿತಿ ಹಾಕಿಲ್ಲವಾದ್ದರಿಂದ ಆ ಪ್ಯಾಕೆಟ್ ಎಷ್ಟು ಹೊತ್ತಾದರೂ ಅಲ್ಲೇ ಕಾಯುತ್ತದೆ. ಪ್ರೋಗ್ರಾಂ ಮತ್ತೆ ತೆರೆದಾಗ ಈ ಹಳೆಯ ಅಂಕಿಯೇ ಮೊದಲು ಹೊರಟು, ಹಿಂದಿನ ಬಿಡಿಭಾಗದ ಅಳತೆ ಹೊಸದರ ಲೆಕ್ಕಕ್ಕೆ ಸೇರಬಹುದು. ಯಂತ್ರ ಹ್ಯಾಂಗ್ ಆಗುವುದಕ್ಕಿಂತ ಈ ಸುಳ್ಳು ಅಳತೆ ಹೆಚ್ಚು ಅಪಾಯಕಾರಿ. ಸಾಧನವೇ ದೋಷ ಸಾರಿ ಎಂಡ್‌ಪಾಯಿಂಟನ್ನು ತಡೆಹಿಡಿಯುವ ‘ಸ್ಟಾಲ್’ ಉತ್ತರ ಬೇರೆ. ಇಲ್ಲಿ ಯಾವ ದೋಷವೂ ವರದಿಯಾಗುವುದಿಲ್ಲ.

ರದ್ದತಿಯ ಹೆಜ್ಜೆಗಳು ನಿಯಂತ್ರಕವನ್ನು ಅವಲಂಬಿಸಿವೆ. ಎಸ್‌ಟಿಎಂ32 ಚಿಪ್‌ಗಳ ಒಟಿಜಿ ನಿಯಂತ್ರಕದಲ್ಲಿ, ಕಳಿಸುವ ಎಂಡ್‌ಪಾಯಿಂಟಾದರೆ ಮೊದಲು ‘ನ್ಯಾಕ್’ (ಸದ್ಯಕ್ಕಿಲ್ಲ) ಉತ್ತರ ಹೊಂದಿಸಿ, ಅದನ್ನು ನಿಷ್ಕ್ರಿಯಗೊಳಿಸಲು ಆದೇಶಿಸಿ, ‘ನಿಷ್ಕ್ರಿಯವಾಯಿತು’ ಎಂಬ ಇಂಟರಪ್ಟ್ ಬಂದ ಮೇಲೆ ಫಿಫೊ ಖಾಲಿ ಮಾಡಬೇಕು. ಸ್ವೀಕರಿಸುವ ಎಂಡ್‌ಪಾಯಿಂಟುಗಳು ಒಂದೇ ಫಿಫೊ ಹಂಚಿಕೊಳ್ಳುವುದರಿಂದ ಅಲ್ಲಿ ಮೊದಲು ಎಲ್ಲಕ್ಕೂ ಒಟ್ಟಾಗಿ ‘ನ್ಯಾಕ್’ ಹಾಕಬೇಕು. ಆದೇಶ ಕೊಟ್ಟ ಕ್ಷಣಕ್ಕೇ ರದ್ದತಿ ಮುಗಿಯಿತೆಂದು ಡೇಟಾ ಇಟ್ಟ ಮೆಮೊರಿ ಬಫರನ್ನು ಬೇರೆ ಕೆಲಸಕ್ಕೆ ಕೊಟ್ಟುಬಿಡುವುದು ದೊಡ್ಡ ತಪ್ಪು. ಇಂಟರಪ್ಟ್ ಬರುವವರೆಗೆ ಆ ಬಫರ್ ಹಾರ್ಡ್‌ವೇರಿನದು. ಮೆಮೊರಿಯನ್ನು ನೇರವಾಗಿ ಮುಟ್ಟುವ ಡಿಎಂಎ ಇನ್ನೂ ಅದನ್ನು ಓದುತ್ತಿರಬಹುದು, ಅದರ ಮೇಲೆ ಬರೆಯುತ್ತಲೂ ಇರಬಹುದು. ರದ್ದತಿಗೆ ಕೈಹಾಕಿದ ಹೊತ್ತಿಗೇ ವರ್ಗಾವಣೆ ಪೂರ್ತಿಯಾಗಿಬಿಡುವುದೂ ಉಂಟು. ಸಾಧನದ ಬದಿಯ ಯುಎಸ್‌ಬಿ ಕೆಲಸ ನೋಡಿಕೊಳ್ಳುವ ಲಿನಕ್ಸ್‌ನ ಗ್ಯಾಜೆಟ್ ಪದರ ಇದಕ್ಕೆ ಒಳ್ಳೆಯ ದಾರಿ ಹಾಕಿಕೊಟ್ಟಿದೆ: ರದ್ದಾದ ಕೋರಿಕೆಯೂ ಕಾಲ್‌ಬ್ಯಾಕ್ ಮೂಲಕವೇ ಮರಳುತ್ತದೆ, ಅಷ್ಟರವರೆಗೆ ಸಾಗಿದ ಬೈಟುಗಳ ಎಣಿಕೆಯನ್ನು ಹೊತ್ತು.

ಪ್ಯಾಕೆಟ್ ಹೊಸದೋ ಪುನರಾವರ್ತನೆಯೋ ಎಂದು ಗುರುತಿಸುವ ಡೇಟಾ ಟಾಗಲ್ ಬಿಟ್ಟನ್ನು ಮಾತ್ರ ರದ್ದತಿಯಲ್ಲಿ ಮುಟ್ಟಬಾರದು. ಆದರೆ ಹೋಸ್ಟ್ ‘ಹಾಲ್ಟ್’ (ಎಂಡ್‌ಪಾಯಿಂಟಿನ ತಡೆ) ತೆರವು ಕೋರಿದಾಗ ಅದು ಸೊನ್ನೆಗೆ ಮರಳಬೇಕು. ಫರ್ಮ್‌ವೇರ್ ತಾನಾಗಿ ಬದಲಿಸಿದರೆ ಮುಂದಿನ ಪ್ಯಾಕೆಟ್ಟನ್ನು ಹೋಸ್ಟ್ ಪುನರಾವರ್ತನೆಯೆಂದು ಎಣಿಸಿ ಎಸೆದುಬಿಡಬಹುದು.

ಪರೀಕ್ಷಾ ಉಪಕರಣಗಳಿಗಾಗಿ 2003ರಲ್ಲಿ ಬಂದ ಯುಎಸ್‌ಬಿಟಿಎಂಸಿ ಮಾನಕ ರದ್ದತಿಯನ್ನು ಎರಡೂ ಕಡೆಯ ಒಪ್ಪಂದವಾಗಿಸಿತು. ಹೋಸ್ಟ್ ಕಂಟ್ರೋಲ್ ಎಂಡ್‌ಪಾಯಿಂಟಿನ ಮೂಲಕ ರದ್ದತಿ ಕೋರುತ್ತದೆ, ಆಮೇಲೆ ಅದು ಮುಗಿಯಿತೇ ಎಂದು ವಿಚಾರಿಸುತ್ತದೆ. ಬಾಕಿ ಇದ್ದರೆ ಸಾಧನ ಹಾಗೆಂದೇ ಉತ್ತರಿಸುತ್ತದೆ.