ಕೊಳ್ಳುವವನ ಕಣ್ಣಿಗೆ ಕಾಣದ ಸರಕು

ಅಕ್ಕಿಯನ್ನು ಕೊಳ್ಳುವವನು ಒಂದು ಹಿಡಿ ಕಾಳನ್ನು ಅಂಗೈಯಲ್ಲಿಟ್ಟು ನೋಡುತ್ತಾನೆ. ಎತ್ತನ್ನು ಕೊಳ್ಳುವವನು ಅದರ ಹಲ್ಲನ್ನು ಎಣಿಸುತ್ತಾನೆ. ನಡೆಯುತ್ತಿರುವ ಒಂದು ಅಂಗಡಿಯನ್ನು ಕೊಳ್ಳುವವನು ಏನನ್ನು ಮುಟ್ಟಿ ನೋಡಬೇಕು? ಕಪಾಟು, ಮೇಜು, ಉಳಿದಿರುವ ಸರಕು ಇವೆಲ್ಲ ಕಣ್ಣಿಗೆ ಕಾಣುತ್ತವೆ. ನಾಳೆ ಬೆಳಗ್ಗೆ ಬಾಗಿಲು ತೆರೆದಾಗ ಮೆಟ್ಟಿಲೇರಿ ಬರಬೇಕಾದ ಗಿರಾಕಿ ಮಾತ್ರ ಇಂದು ಕಾಣುವುದಿಲ್ಲ. ಬೆಲೆಯ ಬಹುಭಾಗವನ್ನು ಕೊಡುವುದಾದರೋ ಅವನಿಗಾಗಿಯೇ. ವ್ಯಾಪಾರವನ್ನು ಮಾರುವ ಜಾಹೀರಾತು ಈ ಕಾಣದ ಸರಕನ್ನು ಮಾತಿನಿಂದ ತೋರಿಸಬೇಕಾಗುತ್ತದೆ. ಅದರ ಕಷ್ಟವೂ ಅದರ ಅಪಾಯವೂ ಅಲ್ಲಿಯೇ ಇದೆ.

ಈ ವಿಚಾರಕ್ಕೆ ನಾವು ಕೈಹಾಕಿದುದಕ್ಕೆ ಒಂದು ಕಾರಣವುಂಟು. ಕಾಸರಗೋಡಿನ ಕಡೆಯ ನಮ್ಮ ಶಾಲೆಯ ಎದುರಿಗೆ ಒಂದು ಸಣ್ಣ ಪುಸ್ತಕದಂಗಡಿಯಿದೆ. ಅದನ್ನು 26 ವರ್ಷ ನಡೆಸಿದ ಹಿರಿಯರು ಕಣ್ಣು ಮಂಜಾದುದರಿಂದ ಅಂಗಡಿಯನ್ನು ಮಾರಲು ನಿಶ್ಚಯಿಸಿದರು. “ಮಾಸ್ತರೇ, ಮಕ್ಕಳಿಗೆ ಪ್ರಬಂಧ ಕಲಿಸುವವರು ನೀವು; ನನಗೊಂದು ಜಾಹೀರಾತು ಬರೆದುಕೊಡಿ” ಎಂದರು. ಬರೆಯಲು ಕುಳಿತಾಗ, ಹಿಂದಿನವರು ಇಂತಹ ಸಂದರ್ಭದಲ್ಲಿ ಏನು ಮಾಡಿದರೆಂಬುದನ್ನು ತಿಳಿಯುವ ಕುತೂಹಲ ನಮಗುಂಟಾಯಿತು. ಇಂಗ್ಲೆಂಡಿನ ಇತಿಹಾಸದಿಂದ ಮೂರು ಪ್ರಸಂಗಗಳನ್ನು ಆರಿಸಿ ಇಲ್ಲಿ ವಾಚಕರ ಮುಂದಿಡುತ್ತೇವೆ. ನಮ್ಮ ದೇಶದ ಕರಾರು ಕಾನೂನಿಗೆ ಇಂಗ್ಲೆಂಡಿನ ಕಾನೂನೇ ಬಹುಮಟ್ಟಿಗೆ ಮೂಲವಾದುದರಿಂದ ಇವು ನಮಗೂ ಸಲ್ಲುತ್ತವೆ.

ಮೊದಲನೆಯದು ನಿಘಂಟುಕಾರನೆಂದು ಪ್ರಸಿದ್ಧನಾದ ಸ್ಯಾಮ್ಯುಅಲ್ ಜಾನ್ಸನ್ನನಿಗೆ ಸಂಬಂಧಿಸಿದುದು. ಪತ್ರಿಕೆಗಳಲ್ಲಿ ಜಾಹೀರಾತುಗಳು ಕಿಕ್ಕಿರಿದು ಜನರು ಅವುಗಳನ್ನು ಅಸಡ್ಡೆಯಿಂದ ಓದುತ್ತಿರುವರೆಂದೂ, ಆದುದರಿಂದ ದೊಡ್ಡ ಆಶ್ವಾಸನೆಯಿಲ್ಲದೆ ಯಾರ ಗಮನವನ್ನೂ ಸೆಳೆಯಲಾಗದೆಂದೂ ಅವನು 1759ರ ಒಂದು ಲೇಖನದಲ್ಲಿ ವ್ಯಂಗ್ಯವಾಗಿ ಬರೆದಿದ್ದನು. 22 ವರ್ಷಗಳ ಬಳಿಕ ಅವನೇ ಒಂದು ವ್ಯಾಪಾರವನ್ನು ಮಾರಬೇಕಾಗಿ ಬಂತು. ಅವನ ಸ್ನೇಹಿತ ಹೆನ್ರಿ ಥ್ರೇಲ್ ಲಂಡನ್ನಿನ ಸದರ್ಕ್ ಭಾಗದಲ್ಲಿ ಒಂದು ಬಿಯರ್ ಕಾರ್ಖಾನೆಯ ಒಡೆಯನಾಗಿದ್ದು 1781ರ ಏಪ್ರಿಲಿನಲ್ಲಿ ತೀರಿಕೊಂಡನು. ಅವನ ಮರಣಶಾಸನವನ್ನು ನೆರವೇರಿಸುವ ಹೊಣೆ ಹೊತ್ತವರಲ್ಲಿ ಜಾನ್ಸನ್ನನೂ ಒಬ್ಬನು. ಮಾರಾಟದ ಸಮಯದಲ್ಲಿ ಅವನು ಮಸಿಕುಡಿಕೆ ಲೇಖನಿಗಳನ್ನು ಅಂಗಿಗೆ ಸಿಕ್ಕಿಸಿಕೊಂಡು ಸಡಗರದಿಂದ ಓಡಾಡುತ್ತಿದ್ದನಂತೆ. ಬೆಲೆಯೇನೆಂದು ಕೇಳಿದಾಗ, ತಾವು ಮಾರುತ್ತಿರುವುದು ಬರಿಯ ಹಂಡೆ ತೊಟ್ಟಿಗಳನ್ನಲ್ಲ, ಎಣಿಕೆಗೆ ಮೀರಿ ಶ್ರೀಮಂತರಾಗುವ ಸಾಧ್ಯತೆಯನ್ನು ಎಂಬ ಅರ್ಥದ ಉತ್ತರವಿತ್ತನೆಂದು ಅವನ ಚರಿತ್ರಕಾರ ಬಾಸ್ವೆಲ್ ಬರೆದಿಟ್ಟಿದ್ದಾನೆ. ಕಾರ್ಖಾನೆ 1,35,000 ಪೌಂಡುಗಳಿಗೆ ಮಾರಾಟವಾಯಿತು.

ಇದು ಸಣ್ಣ ವ್ಯಾಪಾರವಲ್ಲ, ನಿಜ. ಆದರೆ ಕಾಣದ ಸರಕನ್ನು ಇಷ್ಟು ಸ್ಪಷ್ಟವಾಗಿ ಹೆಸರಿಸಿದ ಮಾತು ಅಪರೂಪ. ಜಾನ್ಸನ್ನನ ಆಶ್ವಾಸನೆ ದೊಡ್ಡದಾಗಿದ್ದರೂ ಪೊಳ್ಳಾಗಿರಲಿಲ್ಲವೆಂಬುದನ್ನೂ ಗಮನಿಸಬೇಕು. ಆ ಕಾರ್ಖಾನೆಯ ಒಳಹೊರಗನ್ನೆಲ್ಲ ಬಲ್ಲ ಮೇಲ್ವಿಚಾರಕ ಜಾನ್ ಪರ್ಕಿನ್ಸನು ಕೊಂಡವರ ಜೊತೆಯಲ್ಲಿ ಪಾಲುದಾರನಾಗಿ ಸೇರಿದನು. ಬಾರ್ಕ್ಲೇ ಪರ್ಕಿನ್ಸ್ ಎಂಬ ಹೆಸರಿನಿಂದ ಅದು ಮುಂದೆ ಬಹುಕಾಲ ನಡೆಯಿತು. ವ್ಯಾಪಾರ ಕೈಬದಲಾದರೂ ಅದನ್ನು ಬಲ್ಲವನು ಅಲ್ಲಿಯೇ ಉಳಿದನು.

ಹಾಗೆ ಉಳಿಯದೆ, ಮಾರಿಹೋದವನೇ ಎದುರಾಳಿಯಾಗಿ ನಿಂತರೆ? ಎರಡನೆಯ ಪ್ರಸಂಗ ಇದೇ. ಲೈ ಎಂಬವನು ಬಂಡಿಗಳಲ್ಲಿ ಸರಕು ಸಾಗಿಸುವ ವ್ಯಾಪಾರ ಮಾಡಿ ದಿವಾಳಿಯಾದನು. ಅವನ ವ್ಯಾಪಾರವನ್ನು ಅದರ ಹೆಸರಿನ ಬೆಲೆಯೊಡನೆ ಮಾರಲಾಯಿತು. ಹೆಸರಿನ ಈ ಬೆಲೆಯನ್ನೇ ಕಾನೂನಿನಲ್ಲಿ ‘ಗುಡ್‌ವಿಲ್’ ಎನ್ನುತ್ತಾರೆ. ಅನಂತರ ಲೈ ಮತ್ತೆ ಅದೇ ಕಸುಬನ್ನು ಆರಂಭಿಸಿದನು. ಕೊಂಡವನು ನ್ಯಾಯಾಲಯಕ್ಕೆ ಹೋದನು. 1810ರಲ್ಲಿ ಲಾರ್ಡ್ ಎಲ್ಡನ್ನನು, ಹಳೆಯ ಗಿರಾಕಿಗಳು ಹಳೆಯ ಸ್ಥಳಕ್ಕೇ ಬರುವ ಸಂಭವವಿದೆಯಷ್ಟೆ, ಗುಡ್‌ವಿಲ್ ಎಂಬುದು ಅದಕ್ಕಿಂತ ಹೆಚ್ಚಿನದೇನೂ ಅಲ್ಲವೆಂದು ಹೇಳಿ, ಲೈಯನ್ನು ತಡೆಯಲು ಒಪ್ಪಲಿಲ್ಲ. ಅವನು ಮತ್ತೆ ವ್ಯಾಪಾರ ಮಾಡಬಾರದೆಂಬ ಕರಾರು ಇರಲಿಲ್ಲವಷ್ಟೆ.

ನಮ್ಮ ದೇಶದ 1872ರ ಕರಾರು ಕಾಯಿದೆ ಇದಕ್ಕೆ ದಾರಿಯನ್ನು ತೋರಿಸುತ್ತದೆ. ಒಬ್ಬನ ಕಸುಬನ್ನು ತಡೆಯುವ ಕರಾರು ಸಾಮಾನ್ಯವಾಗಿ ಅನೂರ್ಜಿತವೆಂದು ಅದರ 27ನೆಯ ಕಲಮು ಹೇಳುತ್ತದೆ. ಆದರೆ ಗುಡ್‌ವಿಲ್ಲನ್ನು ಮಾರಿದವನು, ಗೊತ್ತುಪಡಿಸಿದ ಪ್ರದೇಶದೊಳಗೆ, ಕೊಂಡವನು ಅಲ್ಲಿ ಆ ವ್ಯಾಪಾರವನ್ನು ನಡೆಸುತ್ತಿರುವವರೆಗೆ ತಾನು ಅಂತಹದೇ ವ್ಯಾಪಾರವನ್ನು ಮಾಡುವುದಿಲ್ಲವೆಂದು ಒಪ್ಪಿಕೊಳ್ಳಬಹುದು. ಆ ಎಲ್ಲೆ ನ್ಯಾಯವಾಗಿರಬೇಕು. ಜಾಹೀರಾತಿನಲ್ಲಿ ಈ ಒಂದು ಮಾತಿದ್ದರೆ ಕೊಳ್ಳುವವನ ಅರ್ಧ ಅಂಜಿಕೆ ಕಳೆಯುತ್ತದೆ.

ಮೂರನೆಯ ಪ್ರಸಂಗ ಅಂಕಿಗಳದು. ಬರ್ಮಿಂಗ್‌ಹ್ಯಾಮಿನ ರೆಡ್‌ಗ್ರೇವ್ ಎಂಬ ವಯಸ್ಸಾದ ವಕೀಲನು, ತನ್ನೊಡನೆ ಪಾಲುದಾರನಾಗಿ ಸೇರಿ ತನ್ನ ಮನೆಯನ್ನೂ ಕೊಳ್ಳುವವನೊಬ್ಬನು ಬೇಕೆಂದು ಜಾಹೀರಾತು ಕೊಟ್ಟನು. ಹರ್ಡ್ ಎಂಬ ವಕೀಲನು ಬಂದನು. ವೃತ್ತಿಯಿಂದ ವರ್ಷಕ್ಕೆ 300ರಿಂದ 400 ಪೌಂಡು ಬರುವುದೆಂದು ರೆಡ್‌ಗ್ರೇವ್ ಹೇಳಿದನು. ತೋರಿಸಿದ ಲೆಕ್ಕದಲ್ಲಿ ಸುಮಾರು 200 ಪೌಂಡು ಮಾತ್ರ ಕಾಣುತ್ತಿತ್ತು. ಉಳಿದುದು ಎಲ್ಲಿ ಎಂದು ಕೇಳಿದುದಕ್ಕೆ ಒಂದು ಕಾಗದದ ಕಟ್ಟನ್ನು ತೋರಿಸಿದನು. ಹರ್ಡ್ ಅದನ್ನು ಬಿಚ್ಚಿ ನೋಡಲಿಲ್ಲ; ನೋಡಿದ್ದರೆ ಅದರಲ್ಲಿದ್ದುದು ಕೇವಲ ಐದಾರು ಪೌಂಡುಗಳ ಕೆಲಸವೆಂದು ತಿಳಿಯುತ್ತಿತ್ತು. 1600 ಪೌಂಡುಗಳಿಗೆ ಮನೆಯನ್ನು ಕೊಳ್ಳಲು ಒಪ್ಪಿ, 100 ಪೌಂಡು ಮುಂಗಡವನ್ನು ಕೊಟ್ಟನು. ನಿಜ ತಿಳಿದ ಬಳಿಕ ವ್ಯವಹಾರ ಬೇಡವೆಂದನು. ರೆಡ್‌ಗ್ರೇವ್ ದಾವೆ ಹೂಡಿದನು. ಕೆಳಗಿನ ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತಿತು. 1881ರಲ್ಲಿ ಅಪೀಲು ನ್ಯಾಯಾಲಯವು ಅದನ್ನು ತಿರುಗಿಸಿತು. ಸುಳ್ಳು ಹೇಳಿ ಒಪ್ಪಿಸಿದವನು, ‘ನೀನೇಕೆ ಪರೀಕ್ಷಿಸಲಿಲ್ಲ?’ ಎಂದು ಕೇಳಲಾರನೆಂಬುದು ತೀರ್ಪಿನ ಸಾರ. ಕರಾರು ರದ್ದಾಯಿತು.

ಇಲ್ಲಿ ನಮ್ಮ ಕಾಯಿದೆಯ ದಾರಿ ಸ್ವಲ್ಪ ಬೇರೆ. ಮೋಸದ ಉದ್ದೇಶವಿಲ್ಲದೆ ತಪ್ಪು ಮಾಹಿತಿ ಕೊಟ್ಟಿದ್ದ ಪಕ್ಷದಲ್ಲಿ, ಸಾಮಾನ್ಯ ಎಚ್ಚರದಿಂದ ನಿಜವನ್ನು ತಿಳಿಯುವ ಸಾಧನ ಕೊಳ್ಳುವವನಿಗೆ ಇದ್ದಿತಾದರೆ, ಅವನು ಕರಾರನ್ನು ರದ್ದುಮಾಡಲಾರನೆಂದು 19ನೆಯ ಕಲಮಿನ ವಿನಾಯಿತಿ ಹೇಳುತ್ತದೆ. ಬೇಕೆಂದೇ ಸುಳ್ಳಾಡಿದವನಿಗೆ ಈ ಆಸರೆಯಿಲ್ಲ. ಎಂದರೆ, ಹರ್ಡ್ ನಮ್ಮಲ್ಲಿ ಹುಟ್ಟಿದ್ದರೆ ಆ ಕಾಗದದ ಕಟ್ಟನ್ನು ಬಿಚ್ಚಿ ನೋಡುವುದೇ ಅವನಿಗೆ ಕ್ಷೇಮವಾಗುತ್ತಿತ್ತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಹಿರಿಯರ ಲೆಕ್ಕದ ಪುಸ್ತಕವನ್ನು ತೆರೆದೆವು. ಶಾಲೆ ತೆರೆಯುವ ಜೂನ್ ತಿಂಗಳಿನಲ್ಲಿ ನೋಟುಪುಸ್ತಕಗಳ ವ್ಯಾಪಾರ ಭರದಿಂದ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಂಗಡಿ ಬಹುಮಟ್ಟಿಗೆ ನಿದ್ರಿಸುತ್ತದೆ. “ಜೂನಿನ ವ್ಯಾಪಾರವನ್ನು ‘ತಿಂಗಳ ವ್ಯಾಪಾರ’ ಎಂದು ಬರೆದರೆ ಸುಳ್ಳಾಗುವುದಿಲ್ಲವಲ್ಲ?” ಎಂದು ಅವರು ಕೇಳಿದರು. ಒಂದು ತಿಂಗಳ ವ್ಯಾಪಾರವೆಂಬುದು ನಿಜವೇ. ಆದರೆ ಓದುವವನು ಅದನ್ನು ಹನ್ನೆರಡರಿಂದ ಗುಣಿಸುವನೆಂಬುದೂ ನಿಜ. ಅವನು ಗುಣಿಸಲೆಂದೇ ಬರೆದರೆ ಅದು ರೆಡ್‌ಗ್ರೇವನ ಕಾಗದದ ಕಟ್ಟಿಗೆ ಸಮಾನ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಬೇಡ” ಎಂದರು.

ಕಷ್ಟ ಬಂದುದು ಮುಂದಿನ ವಾಕ್ಯಕ್ಕೆ. ಆ ಅಂಗಡಿಯ ಗಿರಾಕಿಗಳೆಂದರೆ ನಮ್ಮ ಶಾಲೆಯ ಕನ್ನಡ ಮಕ್ಕಳು. ಅವರ ಸಂಖ್ಯೆ ವರ್ಷವರ್ಷಕ್ಕೂ ಇಳಿಯುತ್ತಿದೆ. ಬರಿಯ ಮೌನ ಸಾಮಾನ್ಯವಾಗಿ ಮೋಸವಲ್ಲವೆಂದು ಕಾಯಿದೆಯೇ ಹೇಳುವುದರಿಂದ ಇದನ್ನು ಬರೆಯದಿದ್ದರೂ ನಡೆಯುತ್ತಿತ್ತು. ಬರೆದರೆ ನಮ್ಮ ಶಾಲೆಯ ಕುಂದನ್ನು ನಾವೇ ಗೋಡೆಗೆ ಅಂಟಿಸಿದಂತೆ. ನಮ್ಮ ಕೈ ತಡೆಯಿತು. ಕೊನೆಗೆ ಬರೆದುದು ಹೀಗೆ:

“ಪುಸ್ತಕದಂಗಡಿ ಮಾರಾಟಕ್ಕಿದೆ. ಶಾಲೆಯ ಎದುರು, 26 ವರ್ಷಗಳಿಂದ ಒಬ್ಬರೇ ನಡೆಸಿದುದು. ಮಾರುವ ಕಾರಣ: ದೃಷ್ಟಿದೋಷ. ಬಾಡಿಗೆಯ ಕಟ್ಟಡ, ಮುಂದುವರಿಸಲು ಕಟ್ಟಡದ ಒಡೆಯರ ಒಪ್ಪಿಗೆಯಿದೆ. ಹೆಚ್ಚಿನ ವ್ಯಾಪಾರ ಜೂನಿನಲ್ಲಿ. ಉಳಿದ ತಿಂಗಳುಗಳಲ್ಲಿ ಸಾಧಾರಣ. ಗಿರಾಕಿಗಳು ಬಹುಮಟ್ಟಿಗೆ ಶಾಲೆಯ ಮಕ್ಕಳು. ಅವರ ಸಂಖ್ಯೆ ಮೊದಲಿಗಿಂತ ಕಡಿಮೆ. 3 ವರ್ಷಗಳ ಲೆಕ್ಕವನ್ನು ತೋರಿಸಲಾಗುವುದು. ಮಾರಿದವರು ಒಂದು ತಿಂಗಳು ಜೊತೆಗಿದ್ದು ಗಿರಾಕಿಗಳನ್ನೂ ಸರಕು ತರುವ ಸ್ಥಳಗಳನ್ನೂ ಪರಿಚಯ ಮಾಡಿಕೊಡುವರು. ಇದೇ ಪೇಟೆಯಲ್ಲಿ ಮತ್ತೆ ಪುಸ್ತಕದಂಗಡಿಯನ್ನು ತೆರೆಯುವುದಿಲ್ಲ.”

ಇದನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದು ಹಚ್ಚಿದೆವು. ಇಷ್ಟೆಲ್ಲ ಹೇಳಿದರೆ ಕೊಳ್ಳುವವರು ಓಡಿಹೋಗರೇ ಎಂದು ಹಿರಿಯರಿಗೆ ಶಂಕೆಯಿತ್ತು. ಇದನ್ನು ಬರೆಯುವ ವೇಳೆಗೆ ಇಬ್ಬರು ಬಂದು ವಿಚಾರಿಸಿದ್ದಾರೆ. ಇಬ್ಬರೂ ಮೊದಲು ಕೇಳಿದುದು ಲೆಕ್ಕದ ಪುಸ್ತಕವನ್ನು. ಮಾರಾಟ ಇನ್ನೂ ಕುದುರಿಲ್ಲ.

ಸಹೋದ್ಯೋಗಿಗಳು ತಮ್ಮ ತರಗತಿಗಳಲ್ಲಿ ಇಂತಹದೊಂದು ಜಾಹೀರಾತನ್ನು ಮಕ್ಕಳಿಂದ ಬರೆಯಿಸಿ ನೋಡಬಹುದು. ಭಾಷೆಗೆ ಭಾಷೆಯೂ ಆಯಿತು, ಗಣಿತಕ್ಕೆ ಗಣಿತವೂ ಆಯಿತು. ನಮಗಂತೂ ಮಕ್ಕಳ ಸಂಖ್ಯೆಯ ಆ ವಾಕ್ಯ ದಿನವೂ ಶಾಲೆಗೆ ಹೋಗುವಾಗ ಕಣ್ಣಿಗೆ ಬೀಳುತ್ತಿದೆ. ಅದನ್ನು ಅಳಿಸಬೇಕಾದರೆ ಗೋಡೆಯ ಬಳಿ ಕೆಲಸವಿಲ್ಲ. ರಸ್ತೆಯ ಈಚೆಗೆ, ನಮ್ಮ ಶಾಲೆಯೊಳಗೆ ಇದೆ.