ಯಮನಿಗೆ ಗುಡಿಯಿಲ್ಲ, ಸತ್ತವರಿಗೆ ಎಡೆಯುಂಟು

ಪ್ರಾಚೀನ ಈಜಿಪ್ಟಿನವರ ನಂಬಿಕೆಯಲ್ಲಿ ಸಾವಿಗೆ ಒಬ್ಬನೇ ದೇವರಲ್ಲ, ಒಂದು ಕಚೇರಿಯೇ ಇತ್ತು. ನರಿಮುಖದ ಅನುಬಿಸ್ ಸತ್ತವನನ್ನು ಕೈಹಿಡಿದು ಕರೆತರುತ್ತಾನೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅವನ ಹೃದಯ, ಇನ್ನೊಂದರಲ್ಲಿ ಸತ್ಯದ ದೇವತೆ ಮಾತಳ ಗರಿ. ಥೋತ್ ಲೆಕ್ಕ ಬರೆಯುತ್ತಾನೆ. ಸತ್ತವನು 42 ದೇವತೆಗಳ ಮುಂದೆ ತಾನು ಮಾಡದ ಪಾಪಗಳನ್ನು ಒಂದೊಂದಾಗಿ ಹೇಳಬೇಕು. ಹೃದಯ ಭಾರವಾದರೆ ಮೊಸಳೆ ಬಾಯಿಯ ಅಮ್ಮಿತ್ ನುಂಗಿಬಿಡುತ್ತಾಳೆ, ಸರಿತೂಗಿದರೆ ಒಸಿರಿಸ್‌ನ ಲೋಕ ಸಿಗುತ್ತದೆ.

ಇದನ್ನು ಓದಿದ ಕೂಡಲೇ ನಮಗೆಲ್ಲ ನೆನಪಾಗುವವರು ಯಮ ಮತ್ತು ಚಿತ್ರಗುಪ್ತ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಒಸಿರಿಸ್‌ಗೆ ಅಬಿಡೋಸ್ ಎಂಬ ಊರಿನಲ್ಲಿ ದೊಡ್ಡ ಗುಡಿಯಿತ್ತು, ವರ್ಷಕ್ಕೊಮ್ಮೆ ಜಾತ್ರೆ ನಡೆಯುತ್ತಿತ್ತು. ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆ ಯಮನಿಗೆ ಯಾರಾದರೂ ಹರಕೆ ಹೊತ್ತಿದ್ದನ್ನು ನಾವಂತೂ ಕಂಡಿಲ್ಲ. ಇಲ್ಲಿ ಜನ ಕೈಮುಗಿಯುವುದು ಸಾವಿನ ದೇವರಿಗಲ್ಲ, ಸತ್ತವರಿಗೆ.

ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲುಗಳಿವೆ, ಹೋದಾಗ ನಿಂತು ನೋಡಿ. ವೀರಗಲ್ಲುಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾದಾಟ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ತಕ್ಕಡಿಯಿಲ್ಲ, ವಿಚಾರಣೆಯಿಲ್ಲ, ಯಮನ ಸುಳಿವೂ ಇಲ್ಲ. ಊರಿನ ದನ ಬಿಡಿಸಲು ಹೋಗಿ ಸತ್ತವನೂ ನೇರ ಶಿವನ ಮುಂದೆ ಕುಳಿತಿರುತ್ತಾನೆ. ಪಕ್ಕದಲ್ಲಿ ಬಳೆ ತೊಟ್ಟ ಕೈ ಎತ್ತಿದ ಮಾಸ್ತಿಕಲ್ಲು ಇದ್ದರೆ ಮಾತ್ರ ನಮ್ಮ ಉತ್ಸಾಹ ಇಳಿಯುತ್ತದೆ. ಅದು ಗಂಡನ ಚಿತೆಯಲ್ಲಿ ಸುಟ್ಟುಹೋದವಳ ಕಲ್ಲು. ಅವಳಿಗೂ ಕುಂಕುಮ ಹಚ್ಚುತ್ತೇವೆ. ಅವಳನ್ನು ಯಾರಾದರೂ ಕೇಳಿದ್ದರೇ ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ.

ಕಂಪ್ಲಿಯ ಕಥೆ ಇದಕ್ಕಿಂತ ಕಠಿಣ. ದಿಲ್ಲಿಯ ಸುಲ್ತಾನನ ವಿರುದ್ಧ ದಂಗೆಯೆದ್ದ ಬಂಧುವೊಬ್ಬನಿಗೆ ಕಂಪಿಲರಾಯ ಆಶ್ರಯ ಕೊಟ್ಟ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಸೇನೆ ರಾಜ್ಯವನ್ನೇ ಮುಗಿಸಿತು. ಕೋಟೆಯ ಹೆಂಗಸರು ಬೆಂಕಿಗೆ ಬಿದ್ದದ್ದನ್ನು, ರಾಯ ಹೊರಬಂದು ಕಾದಾಡಿ ಸತ್ತದ್ದನ್ನು ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ರಾಯನ ಮಗ ಕುಮಾರರಾಮನ ತಲೆ ಕಡಿದು ದಿಲ್ಲಿಗೆ ಒಯ್ದರೆಂದು ಜನಪದರು ಹಾಡುತ್ತಾರೆ. ಆ ತಲೆಯೇ ದೇವರಾಯಿತು. ಕುಮಾರರಾಮನಿಗೆ ನಡೆದುಕೊಳ್ಳುವ ಕಡೆಗಳಲ್ಲಿ ಇವತ್ತಿಗೂ ಪೂಜೆ ತಲೆಗೇ. ಗೆದ್ದ ಸುಲ್ತಾನ ಚರಿತ್ರೆ ಪುಸ್ತಕಕ್ಕೆ ಹೋದ, ಸೋತ ಹುಡುಗ ಗುಡಿಗೆ ಬಂದ.

ಸತ್ತವನನ್ನು ಶಿವನ ಮುಂದೆ ಕೂರಿಸಿದ ಇದೇ ಸೀಮೆಯಲ್ಲಿ ಬದುಕಿದ್ದವರನ್ನು ಗುಡಿಯ ಹೊರಗೆ ನಿಲ್ಲಿಸಿದ್ದೂ ಉಂಟು. ಸಂಡೂರಿನ ಕುಮಾರಸ್ವಾಮಿ ಬೆಟ್ಟದ ದೇವಸ್ಥಾನದ ಬಾಗಿಲು ದಲಿತರಿಗೆ ತೆರೆದದ್ದು 1932ರಲ್ಲಿ, ಘೋರ್ಪಡೆ ಸಂಸ್ಥಾನದ ಕಾಲದಲ್ಲಿ. ಆ ದಿನಗಳಿಗೆ ಅದು ದೊಡ್ಡ ಹೆಜ್ಜೆ. ಆದರೆ ಗುಡಿ ಸಾವಿರ ವರ್ಷ ಹಳೆಯದು ಎಂಬುದನ್ನೂ ನೆನಪಿಡಬೇಕು.

ಇನ್ನೊಬ್ಬರ ಪರವಾಗಿ ಬೇಡುವುದು ಹಲವು ಧರ್ಮಗಳಲ್ಲಿದೆ. ಈಜಿಪ್ಟಿನ ಗೋರಿಗಳ ಮೇಲೆ ದಾರಿಹೋಕರಿಗೆ ಒಂದು ಕೋರಿಕೆ ಕೆತ್ತಿರುತ್ತಿತ್ತು: ನನ್ನ ಹೆಸರು ಹೇಳಿ, ನನಗೆ ರೊಟ್ಟಿ ಸಿಗಲಿ ಎಂದು ಬಾಯಲ್ಲಿ ಅಂದರೂ ಸಾಕು. ನಮ್ಮ ಪಕ್ಷಮಾಸದ ಎಡೆಯೂ ಇದೇ ಅಲ್ಲವೇ? ಹಿರಿಯರ ಹೆಸರಿನಲ್ಲಿ ಹೋಳಿಗೆ ಇಟ್ಟು ಕಾಗೆಗಾಗಿ ಕಾಯುತ್ತೇವೆ.

ಹಂಪಿಯಲ್ಲಿ ಇದಕ್ಕೊಂದು ಒಳ್ಳೆಯ ಸಾಕ್ಷಿಯಿದೆ. ಕಮಲಾಪುರದಿಂದ ತಳವಾರಘಟ್ಟಕ್ಕೆ ಹೋಗುವ ದಾರಿಯ ಬಳಿ ಅಹಮದ್ ಖಾನನ ಮಸೀದಿ ಇದೆ. ಗುಮ್ಮಟವಿಲ್ಲ, ಕಂಬಗಳ ಸಾಲು ನೋಡಿದರೆ ಮಂಟಪವೇ ಅನ್ನಬೇಕು. ಇಮ್ಮಡಿ ದೇವರಾಯನ ಸೇನೆಯಲ್ಲಿದ್ದ ಈತ 1439ರಲ್ಲಿ ಇದನ್ನು ಕಟ್ಟಿಸಿದ, ಬಾವಿಯನ್ನೂ ತೋಡಿಸಿದ. ಅಲ್ಲಿನ ಕನ್ನಡ ಶಾಸನ ಕಟ್ಟಡವನ್ನು ಧರ್ಮಸಾಲೆ ಎಂದೇ ಕರೆಯುತ್ತದೆ. ಕಟ್ಟಿಸಿದ ಪುಣ್ಯ ಯಾರಿಗೆ? ದೇವರಾಯನಿಗೆ. ನಮಾಜು ಮಾಡುವವನ ಪುಣ್ಯ ವಿರೂಪಾಕ್ಷನ ಭಕ್ತನಿಗೆ! ದೇವರಾಯ ತನ್ನ ಸಿಂಹಾಸನದ ಮುಂದೆ ಕುರಾನ್ ಇರಿಸಿಕೊಂಡಿದ್ದ, ಮುಸ್ಲಿಂ ಸೈನಿಕರು ಅದಕ್ಕೆ ತಲೆಬಾಗಲಿ ಎಂದು, ಎಂಬುದಾಗಿ ಫಿರಿಶ್ತಾ ಬರೆದಿದ್ದಾನೆ. ಇದು ಸೌಹಾರ್ದವೋ ಸೇನೆಯ ಲೆಕ್ಕಾಚಾರವೋ ಎಂದು ಜಗಳವಾಡುವವರಿದ್ದಾರೆ. ನಮಗೆ ಅದು ಎರಡೂ ಅನಿಸುತ್ತದೆ.

ಮೊಹರಂ ಬಂದರಂತೂ ಈ ಸೀಮೆಯ ಹಳ್ಳಿಗಳಲ್ಲಿ ಯಾರ ದೇವರು ಯಾರದು ಎಂದು ಹೇಳುವುದೇ ಕಷ್ಟ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಮಡಿದ ಹುಸೇನರಿಗಾಗಿ ಇಲ್ಲಿ ಅಲಾಯಿ ಕುಣಿ ತೋಡುತ್ತಾರೆ, ಲಿಂಗಾಯತರೂ ನಾಯಕರೂ ಸಕ್ಕರೆ ಓದಿಸುತ್ತಾರೆ. ಕೊನೆಯ ದಿನ ಪೀರಲ ದೇವರನ್ನು ಹೊಳೆಗೆ ಕಳಿಸುವಾಗ ಅಳುವವರನ್ನೂ ಕಾಣಬಹುದು. ಸಾವಿರದ ಮುನ್ನೂರು ವರ್ಷದ ಹಿಂದಿನ ಸಾವು, ನಿನ್ನೆ ಮನೆಯಲ್ಲೇ ಆದ ಹಾಗೆ.

ಎಲ್ಲ ಬೇಡಿಕೆಯೂ ಫಲಿಸಲಿಲ್ಲ. ಹೊಸಪೇಟೆಯಿಂದ ಹಂಪಿಗೆ ಹೋಗುವಾಗ ಅನಂತಶಯನಗುಡಿ ಸಿಗುತ್ತದೆ, ಮುಕ್ಕಾಲು ಜನ ಇಳಿಯದೆ ಮುಂದೆ ಹೋಗುತ್ತಾರೆ. 1524ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ಈ ದೇಗುಲದ ಸುತ್ತಲಿನ ಊರಿಗೆ ತನ್ನ ಮಗನ ಹೆಸರಿಟ್ಟು ಸಾಲೆ ತಿರುಮಲೆ ಮಹಾರಾಯಪುರ ಎಂದು ಕರೆದ. ಆರು ವರ್ಷದ ಆ ಹುಡುಗನಿಗೆ ಪಟ್ಟ ಕಟ್ಟಿ ತಿಂಗಳುಗಟ್ಟಲೆ ಸಂಭ್ರಮ ನಡೆಸಿದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆಯುತ್ತಾನೆ. ಸಂಭ್ರಮದ ನಡುವೆಯೇ ಮಗು ಕಾಯಿಲೆ ಬಿದ್ದು ಸತ್ತಿತು. ವಿಷದ ಅನುಮಾನ ಬಂದು ಮಂತ್ರಿ ತಿಮ್ಮರಸನ ಕಣ್ಣು ಕೀಳಿಸಿದರು ಎಂಬುದೂ ಅವನದೇ ಬರಹ. ದೇಗುಲದ ಗರ್ಭಗುಡಿಯಲ್ಲಿ ಮಲಗಿದ ವಿಷ್ಣುವಿಗೆಂದು ಮಾಡಿದ ಉದ್ದನೆಯ ಪೀಠವಿದೆ, ಮೂರ್ತಿಯಿಲ್ಲ. ಅದು ಹಡಗಲಿ ತಾಲ್ಲೂಕಿನ ಹೊಳಲಿನಲ್ಲೇ ಉಳಿಯಿತು, ಬರಲೊಪ್ಪಲಿಲ್ಲ ಎನ್ನುತ್ತಾರೆ ಊರಿನವರು. ಹುಡುಗನ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಬಾರದ ದೇವರ ಹೆಸರೇ ಊರಿಗೆ ನಿಂತಿದೆ.