ಹಿಡಿದ ಕೈಯ ಲೆಕ್ಕ

ನಾನು ಚರಿತ್ರೆ ಪಾಠ ಹೇಳುವವಳು. ಬಲ, ವೇಗ, ಗುರುತ್ವ ಇವನ್ನೆಲ್ಲ ಎಸ್ಸೆಸ್ಸೆಲ್ಸಿಗೆ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನವೇ ಮರೆತವಳು. ಹೀಗಿರುವಾಗ, ವಿಜ್ಞಾನದ ಮೇಡಂ ರಜೆ ಹಾಕಿದ ಒಂದು ದಿನ ಅವರ ಪೀರಿಯಡ್ಡಿಗೆ ಹೋದರೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮೇಡಂ, ಬೀಳುತ್ತಿದ್ದ ಹುಡುಗಿಯನ್ನು ಸ್ಪೈಡರ್‌ಮ್ಯಾನ್ ಬಲೆ ಬೀಸಿ ಹಿಡಿದೇಬಿಟ್ಟನಲ್ಲ, ಮತ್ತೆ ಅವಳು ಸತ್ತದ್ದು ಹೇಗೆ?"

ಕ್ಲಾಸೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ.

ಮನೆಗೆ ಬಂದು ಓದಿ ನೋಡಿದೆ. ಈ ಕಟ್ಟುಕತೆಗೂ ಒಂದು ಚರಿತ್ರೆಯಿದೆ. ಅಮೆರಿಕದ ಕಾಮಿಕ್ಸ್ ಪುಸ್ತಕದಲ್ಲಿ ಸ್ಪೈಡರ್‌ಮ್ಯಾನ್ ಹುಟ್ಟಿದ್ದು 1962ರಲ್ಲಿ. ಅವನ ಆಯುಧ ಕತ್ತಿಯಲ್ಲ, ಬಂದೂಕವಲ್ಲ; ಮುಂಗೈಗೆ ಕಟ್ಟಿಕೊಂಡ ಪುಟ್ಟ ಯಂತ್ರದಿಂದ ಚಿಮ್ಮುವ ಅಂಟುನೂಲು. 1973ರ ಜೂನ್ ಸಂಚಿಕೆಯಲ್ಲಿ ಗ್ರೀನ್ ಗಾಬ್ಲಿನ್ ಎಂಬ ಖಳ ಅವನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ನ್ಯೂಯಾರ್ಕಿನ ಸೇತುವೆಯ ಗೋಪುರದಿಂದ ಬೀಳಿಸುತ್ತಾನೆ. ನೂಲು ಹೋಗಿ ಅವಳ ಕಾಲಿಗೆ ಅಂಟುತ್ತದೆ. ಹುಡುಗ ಗೆದ್ದೆನೆಂದುಕೊಂಡು ಮೇಲಕ್ಕೆ ಎಳೆದುಕೊಂಡರೆ, ಬಂದದ್ದು ಹೆಣ. ಬೀಳುವ ಆಘಾತಕ್ಕೇ ಸತ್ತಳು ಎಂದು ಖಳ ನಗುತ್ತಾನೆ. ಆದರೆ ಚಿತ್ರದಲ್ಲಿ ಅವಳ ಕತ್ತಿನ ಪಕ್ಕ, 'ಲಟಕ್' ಎನ್ನುವಂಥ ಒಂದು ಶಬ್ದವನ್ನು ಸಣ್ಣಕ್ಷರದಲ್ಲಿ ಬರೆದಿದ್ದರು. ಓದುಗರು ಸಿಟ್ಟಾದರು, ಅತ್ತರು. ತಿಂಗಳುಗಳ ನಂತರ ಓದುಗರ ಪತ್ರಗಳ ಪುಟದಲ್ಲಿ ಸಂಪಾದಕರು, ತಟ್ಟನೆ ನಿಂತ ಜಗ್ಗುವಿಕೆಗೆ ಕತ್ತು ಮುರಿಯಿತು ಎಂದು ಒಪ್ಪಿಕೊಂಡರು.

ಮಿನ್ನೆಸೋಟ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಕಾಕಲಿಯೋಸ್ 2001ರಲ್ಲಿ ಕಾಮಿಕ್ಸ್ ಇಟ್ಟುಕೊಂಡೇ ವಿಜ್ಞಾನ ಕಲಿಸತೊಡಗಿದರು. 2005ರಲ್ಲಿ ಪುಸ್ತಕವನ್ನೂ ಬರೆದರು. ಈ ಸಾವು ಅವರ ಹೆಸರಾದ ಉದಾಹರಣೆ. ಲೆಕ್ಕ ನಮ್ಮ ಹೈಸ್ಕೂಲಿನದೇ, ನ್ಯೂಟನ್ 1687ರಲ್ಲಿ ಹೇಳಿದ ನಿಯಮದ್ದೇ. ಮುನ್ನೂರು ಅಡಿ ಬಿದ್ದವಳ ವೇಗ ಗಂಟೆಗೆ ಸುಮಾರು 150 ಕಿಲೋಮೀಟರ್. ನೂಲು ಅವಳನ್ನು ಅರ್ಧ ಸೆಕೆಂಡಿನಲ್ಲಿ ನಿಲ್ಲಿಸಿತು ಎಂದಿಟ್ಟುಕೊಳ್ಳಿ. 50 ಕಿಲೋ ತೂಕದ ಹುಡುಗಿಯ ಮೇಲೆ ಆ ಗಳಿಗೆಯಲ್ಲಿ ಬೀಳುವ ಜಗ್ಗು ಅವಳ ತೂಕದ ಒಂಬತ್ತೂವರೆ ಪಟ್ಟು, ಅಂದರೆ ಸುಮಾರು ನಾಲ್ಕು ಮುಕ್ಕಾಲು ಕ್ವಿಂಟಲ್! ಅದೇ ಮೂರು ಸೆಕೆಂಡು ತೆಗೆದುಕೊಂಡಿದ್ದರೆ ಎರಡೂವರೆ ಪಟ್ಟೂ ಆಗುತ್ತಿರಲಿಲ್ಲ. ಖಳ ಹೇಳಿದ್ದು ಸುಳ್ಳು. ಬೀಳುವುದು ಕೊಲ್ಲುವುದಿಲ್ಲ, ತಟ್ಟನೆ ನಿಲ್ಲುವುದು ಕೊಲ್ಲುತ್ತದೆ. ನೀರು ನಿಲ್ಲಿಸಿದರೂ ಅಷ್ಟೆ, ಪ್ರೀತಿ ನಿಲ್ಲಿಸಿದರೂ ಅಷ್ಟೆ.

ನನಗೆ ನಗು ಬಾರದ ಕಾರಣ ಈಗ ಹೇಳುತ್ತೇನೆ. ನನಗೆ ಹತ್ತು ವರ್ಷವಿದ್ದಾಗ ಮೂರು ವರ್ಷದ ತಂಗಿಯನ್ನು ಕರೆದುಕೊಂಡು ಕೆರೆಯ ಮೆಟ್ಟಿಲಿಗೆ ಹೋಗಿದ್ದೆ. ಪಾಚಿಯ ಮೇಲೆ ಅವಳ ಕಾಲು ಜಾರಿತು. ಮುಂಗೈ ಹಿಡಿದು ಇದ್ದ ಶಕ್ತಿಯೆಲ್ಲ ಬಿಟ್ಟು ಎಳೆದೆ. ಮಗು ನೀರಿಗೆ ಬೀಳಲಿಲ್ಲ, ಆದರೆ ಮೊಣಕೈ ಕೀಲು ಜಾರಿತು. ಡಾಕ್ಟರು ಒಂದೇ ನಿಮಿಷದಲ್ಲಿ ಕೂರಿಸಿದರು. ಆ ಕಿರುಚು ಮಾತ್ರ ನನ್ನ ಕಿವಿಯಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿದುಕೊಂಡಿತು. ಅಮ್ಮ "ಹಿಡಿದೆಯಲ್ಲ, ಸಾಕು" ಅಂದರೂ ನಾನೇ ಮುರಿದೆ ಅನ್ನುವುದು ಹೋಗಲಿಲ್ಲ.

ಚರಿತ್ರೆಯ ಟೀಚರಾಗಿ ನನ್ನ ಮೊದಲ ಪ್ರಶ್ನೆ ಯಾವಾಗಲೂ 'ಯಾರು ಮಾಡಿದರು?' ಎಂಬುದು. ಭೌತಶಾಸ್ತ್ರ 'ಹೇಗಾಯಿತು?' ಎಂದು ಕೇಳುತ್ತದೆ. ಆ ಹುಡುಗನ ನೂಲಿಗೆ ಬಲ ಕಡಿಮೆಯಿರಲಿಲ್ಲ, ಹಿಗ್ಗು ಕಡಿಮೆಯಿತ್ತು. ನಾವು ಪೊರಕೆ ಹಿಡಿದು ಗುಡಿಸಿ ಹಾಕುವ ಜೇಡರ ಬಲೆಯನ್ನು ನೋಡಿ. ನಿಜವಾದ ಜೇಡದ ನೂಲು ಹರಿಯುವ ಮೊದಲು ಮೂರನೇ ಒಂದರಷ್ಟು ಹಿಗ್ಗಬಲ್ಲದು. ಹಾರಿ ಬಂದ ನೊಣದ ರಭಸವನ್ನು ಅದು ಸಾವಕಾಶವಾಗಿ ತಡೆದುಕೊಳ್ಳುತ್ತದೆ.

ರಜೆ ಮುಗಿಸಿ ಬಂದ ವಿಜ್ಞಾನದ ಮೇಡಂಗೆ ಇದನ್ನೆಲ್ಲ ಹೇಳಿದೆ. ಅವರು ಬಿಸಿಯೂಟದ ಅಡುಗೆಮನೆಯಿಂದ ಒಂದು ಹಸಿ ಮೊಟ್ಟೆ ತರಿಸಿದರು. ನನ್ನ ಹಳೇ ಸೀರೆಯನ್ನು ಇಬ್ಬರು ಹುಡುಗಿಯರು ಸಡಿಲವಾಗಿ ಅಡ್ಡ ಹಿಡಿದು, ಕೆಳಗಿನ ಅಂಚನ್ನು ಮಡಿಲಿನಂತೆ ಮೇಲೆತ್ತಿಕೊಂಡರು. ಪ್ರಶ್ನೆ ಕೇಳಿದವಳು ಬೀಸಿ ಎಸೆದಳು. ಮೊಟ್ಟೆ ಸೀರೆಗೆ ಬಡಿದು, ಜಾರಿ ಮಡಿಲಿಗೆ ಬಿತ್ತು, ಒಡೆಯಲಿಲ್ಲ. ಅದನ್ನೇ ಗೋಡೆಗೆ ಎಸೆದಾಗ ಏನಾಯಿತೆಂದು ಹೇಳಬೇಕಾಗಿಲ್ಲ. ಆಯಾ ಬೈದದ್ದೂ ಸೇರಿ.

ಆ ರಾತ್ರಿ ತಂಗಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಅವಳು ಜೋರಾಗಿ ನಕ್ಕಳು. "ನನಗೆ ಅದು ನೆನಪೇ ಇಲ್ಲ ಕಣೇ ಅಕ್ಕ. ನೀನು ಇನ್ನೂ ಲೆಕ್ಕ ಹಾಕ್ತಾ ಕೂತಿದ್ದೀಯಾ?"